ಅಂಗಳದಲ್ಲಿ ಬಡಿದ ರೊಟ್ಟಿ

ಬೆಟಗೇರಿ
5 ಜನವರಿ 2025, ಭಾನುವಾರ

ಮಾಗಡಿಯಲ್ಲಿರುವ ನನ್ನ ಅವ್ವ ಸುಮಿತ್ರವ್ವನಿಗೆ,

ನಿನ್ನ ಮಗ ವೀರು ಬರೆಯುತ್ತಿದ್ದೇನೆ. ನಾನು, ಸ್ನೇಹಾ ಇಬ್ಬರೂ ಆರಾಮ ಇದ್ದೇವೆ. ನೀನೂ ಆರಾಮ ಇದ್ದೀ ಎಂದು ಅಪ್ಪನಿಂದ ತಿಳಿಯಿತು. ಕೆರೆಗೆ ಈ ಸಲ ಹಕ್ಕಿಗಳು ಬಹಳ ಬಂದಿವೆಯಂತೆ, ಬೆಳಗಾಗುವುದರೊಳಗೆ ನಮ್ಮ ಕಡಲೆ ಹೊಲಕ್ಕೆ ಇಳಿಯುತ್ತವಂತೆ. ಅಪ್ಪ ತಗಡು ಬಾರಿಸಿ ಬಾರಿಸಿ ಭುಜ ನೋಯುತ್ತದೆ ಎಂದು ಹೇಳುತ್ತಿದ್ದ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಪ್ಪ ಎತ್ತಿ ನಿನ್ನ ಕೈಗೆ ಕೊಡಲು ಬಂದರೆ, "ಒಲಿ ಮ್ಯಾಲ ಹಾಲ ಇಟ್ಟೇನಿ" ಎನ್ನುವುದು ನನಗೆ ಈ ಕಡೆ ಕೇಳಿಸುತ್ತದೆ. ಪಂಚಮಿಯಿಂದ ಆ ಹಾಲು ಒಲೆಯ ಮೇಲೆಯೇ ಇದೆ. ಅದಕ್ಕೇ ಕಾಗದ ಬರೆಯಲು ಕುಳಿತೆ. ನೀನು ಕಾಗದವನ್ನು ಓದದೆ ಬಿಡುವವಳಲ್ಲ. ಶೇಂಗಾ ಕಟ್ಟಿಕೊಟ್ಟ ಹಳೆಯ ಪೇಪರನ್ನೂ ಬಿಚ್ಚಿ, ನೆಟ್ಟಗೆ ಮಾಡಿ, ಕೊನೆಯ ಸಾಲಿನವರೆಗೆ ಓದಿಯೇ ಒಲೆಗೆ ಹಾಕುವವಳು.

ಇದು ತಪ್ಪಾಯಿತು ಎಂದು ಕೇಳುವ ಕಾಗದವಲ್ಲ, ಅವ್ವಾ. ಮೊದಲೇ ಹೇಳಿಬಿಡುತ್ತೇನೆ. ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಿನ್ನ ಮುಂದೆ ಹೇಳಿಕೊಳ್ಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾಗರ ಪಂಚಮಿಯ ದಿನ ನೀನು ಹೇಳದೆ ಕೇಳದೆ ಉಂಡಿಯ ಡಬ್ಬಿ ಹಿಡಿದುಕೊಂಡು ಬಂದೆ. ಬಾಗಿಲು ತಳ್ಳಿದಾಗ ನಿನಗೆ ಕಂಡದ್ದು ಇಷ್ಟು: ಡ್ಯೂಟಿ ಮುಗಿಸಿ ಬಂದ ನಿನ್ನ ಸೊಸೆ ಕಂಡಕ್ಟರ್ ಖಾಕಿಯಲ್ಲೇ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದಾಳೆ, ನಿನ್ನ ಮಗ ಬನಿಯನ್ನಿನಲ್ಲಿ, ಮೊಳಕೈವರೆಗೆ ಹಿಟ್ಟು ಮೆತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಾನೆ. ಡಬ್ಬಿಯನ್ನು ಹೊಸ್ತಿಲ ಒಳಗೆ ಇಟ್ಟು, "ನೌಕರಿ ಮಾಡೂ ಸೊಸಿ ಅಂತ ಊರ ತುಂಬ ಹೇಳಕೋತ ಅಡ್ಡಾಡಿದ್ನೆಲ್ಲ, ನನ್ನ ಮಗನ್ನ ಒಲಿ ಮುಂದ ನಿಂದ್ರಸಾಕ ಬಂದಾಳೇನು ಈಕಿ?" ಎಂದೆ. ನೀರೂ ಕುಡಿಯಲಿಲ್ಲ. ಸ್ನೇಹಾ ಎಂಜಲು ಕೈಯಲ್ಲೇ ನಿನ್ನ ಹಿಂದೆ ಓಡಿ ಬಂದಳು. ನೀನು ತಿರುಗಿ ನೋಡಲಿಲ್ಲ.

ಆಮೇಲೆ ಅವಳ ಬಸ್ಸು ಮಾಗಡಿಯಲ್ಲಿ ನಿಂತಾಗಲೆಲ್ಲ ನೀನು ಮುಖ ತಿರುಗಿಸಿ ಹಿಂದೆ ಬರುವ ಬಸ್ಸಿಗೆ ಕಾಯುತ್ತೀಯಂತೆ. "ಅತ್ತಿ ಇವತ್ತೂ ಹತ್ತಲಿಲ್ಲ" ಎಂದಷ್ಟೇ ಹೇಳಿ, ಟಿಕೆಟ್ ಮಷೀನಿನ ಚೀಲವನ್ನು ಗೂಟಕ್ಕೆ ಹಾಕುತ್ತಾಳೆ. ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಅವಳ ಬಾಯಿಂದ ಬಂದಿಲ್ಲ.

ನಾವು ಮೇ ತಿಂಗಳಲ್ಲಿ ರಹಮಾನಸಾಬರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದಾಗ ಇಬ್ಬರಿಗೂ ಅಡುಗೆ ಬರುತ್ತಿರಲಿಲ್ಲ. ಸ್ನೇಹಾ ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಅವಳಿಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಗೊತ್ತಿತ್ತು. ನನಗೆ, "ಅವ್ವಾ, ಹಸಿವ್ಯಾಗೇತಿ" ಎಂದು ಕೂಗುವುದು ಗೊತ್ತಿತ್ತು. ಖಾನಾವಳಿಯಿಂದ ಡಬ್ಬಿ ತರಿಸಿಕೊಂಡೆವು. ಆ ಎಣ್ಣೆ, ಆ ಖಾರ ಅವಳ ಹೊಟ್ಟೆಗೆ ಆಗಲಿಲ್ಲ. ಲಕ್ಷ್ಮೇಶ್ವರದ ಮೊದಲ ಬಸ್ಸು ಅವಳದು, ಸೂರ್ಯ ಹುಟ್ಟುವ ಮುಂಚೆ ಡಿಪೋದಲ್ಲಿರಬೇಕು. ಒಂದು ದಿನ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಕೊಡುತ್ತ ಕಣ್ಣು ಕತ್ತಲೆ ಬಂದು ಕುಸಿದು ಕುಳಿತಳು. ನಾನು ದುಡಿಯುವ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲು ತೆರೆಯುವುದೇ ಹತ್ತಕ್ಕೆ. ಬೆಳಗಿನ ಹೊತ್ತು ಕೈ ಖಾಲಿ ಇದ್ದವನು ನಾನು. ಅವಳು ಬೇಡವೆಂದಳು, "ಇಬ್ಬರೂ ಕೂಡಿ ಸಂಜೀಕ ಮಾಡೂಣ" ಎಂದಳು. ನಾನೇ ಹೋಗಿ ಒಲೆಯ ಮುಂದೆ ನಿಂತೆ, ಅವ್ವಾ. ನನ್ನನ್ನು ಯಾರೂ ಅಲ್ಲಿ ತಂದು ನಿಲ್ಲಿಸಲಿಲ್ಲ.

ನಿಂತದ್ದಾಯಿತು, ಆದರೆ ಮಾಡಿದ್ದೇನು? ಮೊದಲ ದಿನ ಇಬ್ಬರಿಗೆ ಎಷ್ಟು ಅಕ್ಕಿ ಬೇಕೆಂದು ತಿಳಿಯದೆ ಕುಕ್ಕರಿನ ಕಂಠದವರೆಗೆ ಅಕ್ಕಿ ತುಂಬಿದೆ, ಉಳಿದ ಜಾಗಕ್ಕೆ ನೀರು ಹಾಕಿದೆ. ಸೀಟಿಯ ಬದಲು ಗಂಜಿ ಹಾರಿತು. ಗೋಡೆ, ಕ್ಯಾಲೆಂಡರು, ನನ್ನ ತಲೆ, ಎಲ್ಲ ಕಡೆ ಗಂಜಿ. ರಹಮಾನಸಾಬರ ಮನೆಯವರು, ಗುಲಾಬಬಿ ಅಜ್ಜಿ, ಬಾಗಿಲು ಬಡಿದು, "ಏನ್ ಸಿಡೀತಪಾ?" ಎಂದು ಕೇಳಿದರು. ಏನೂ ಇಲ್ಲ, ಓಣಿಯ ಹುಡುಗರ ಪಟಾಕಿ ಎಂದೆ. ಅಜ್ಜಿ ನನ್ನ ಹುಬ್ಬಿನ ಮೇಲಿದ್ದ ಅನ್ನದ ಅಗುಳನ್ನು ನೋಡಿ, "ಹೌದ ಬಿಡು, ಪಟಾಕಿ" ಎಂದು ಹೋದರು.

ಮುಂದಿನದಕ್ಕೆ ನಿನ್ನದೂ ಒಂದು ಪಾಲಿದೆ. ನಮ್ಮ ಮದುವೆಯಾದ ಹೊಸದರಲ್ಲಿ ನೀನು ಗುರೆಳ್ಳು ಚಟ್ನಿಪುಡಿಯನ್ನು ಹಳೆಯ ಚಹಾಪುಡಿ ಡಬ್ಬಿಯಲ್ಲಿ ತುಂಬಿ ಕಳಿಸಿದ್ದೆಯಲ್ಲ? ರಹಮಾನಸಾಬರು ಮೊದಲ ಸಲ ನಮ್ಮ ಮನೆಗೆ ಬಂದು ಕುಳಿತಾಗ ನಾನು ಆ ಡಬ್ಬಿಯಿಂದಲೇ ಚಹಾ ಮಾಡಿಕೊಟ್ಟೆ. ಹಿರಿಯರು ಮೊದಲ ಗುಟುಕಿಗೆ ಕಣ್ಣು ಮುಚ್ಚಿದರು. ಕಪ್ಪು ಕೆಳಗಿಡಲಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ, ಹಾಲು, ಸಕ್ಕರೆ ಎಲ್ಲವನ್ನೂ ಕುಡಿದು ಮುಗಿಸಿ, ಕಣ್ಣಂಚು ಒರೆಸಿಕೊಂಡು, "ನಿಮ್ಮ ಕಡೆ ಚಾಕ ಮಸಾಲಿ ಜರಾ ಜಾಸ್ತಿ ಹಾಕ್ತೀರಿ ಅನಸ್ತೈತಿ" ಎಂದರು. ಅವರು ಹೋದ ಮೇಲೆ ನಾನು ಕುಡಿದು ನೋಡಿ ತಲೆಯ ಮೇಲೆ ಕೈ ಹೊತ್ತು ಕುಳಿತೆ. ಈಗಲೂ ಅವರಿಗೆ ಚಹಾ ಕೊಟ್ಟರೆ ಮೊದಲು ಮೂಸಿ ನೋಡಿಯೇ ಕುಡಿಯುತ್ತಾರೆ.

ರೊಟ್ಟಿಯ ಕಥೆ ಇನ್ನೂ ನಾಚಿಕೆಯದು. ಹಿಟ್ಟಿಗೆ ತಣ್ಣೀರು ಹಾಕಿ ನಾದಿದೆ. ಬಡಿದರೆ ಸೀಳು, ಎತ್ತಿದರೆ ತುಂಡು. ಹೇಗೋ ಒಟ್ಟುಗೂಡಿಸಿ, ದಪ್ಪವಾಗಿ ತಟ್ಟಿ, ಸುಟ್ಟು, ಸ್ನೇಹಾಳ ಡಬ್ಬಿಗೆ ಹಾಕಿ ಕಳಿಸಿದೆ. ಲಕ್ಷ್ಮೇಶ್ವರದ ನಿಲ್ದಾಣದಲ್ಲಿ ಕಂಡಕ್ಟರ್ ಹೆಣ್ಣುಮಕ್ಕಳೆಲ್ಲ ಕೂಡಿ ಉಣ್ಣುತ್ತಾರೆ. ಅವರಲ್ಲಿ ಯಾಸ್ಮೀನ ಮೇಡಂ ಎಂದು ಹಿರಿಯರೊಬ್ಬರಿದ್ದಾರೆ. ಅವರು ಆ ರೊಟ್ಟಿಯನ್ನು ಕೈಯಿಂದ ಮುರಿಯಲಾಗದೆ ಡಬ್ಬಿಯ ಮುಚ್ಚಳದಿಂದ ಕುಟ್ಟಿದರಂತೆ. ಇದು ನನಗೆ ಎಷ್ಟೋ ದಿನಗಳ ಮೇಲೆ ತಿಳಿಯಿತು. ಅಂದು ಸಂಜೆ ಸ್ನೇಹಾ ಹೇಳಿದ್ದು, "ಛಲೋ ಇತ್ತು, ಹೊಟ್ಟಿ ತುಂಬಿತು" ಎಂದು. ಡಬ್ಬಿ ಖಾಲಿ ಮಾಡಿಕೊಂಡೇ ಬಂದಿದ್ದಳು. ಮನೆಯಲ್ಲಿ ಉಳಿದ ಒಂದು ರೊಟ್ಟಿಯನ್ನು ನಾನು ಕಚ್ಚಿ, ದವಡೆ ಹಿಡಿದುಕೊಂಡು ಅವಳ ಮುಖ ನೋಡಿದೆ. ಆಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಗುಲಾಬಬಿ ಅಜ್ಜಿ ಇದನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಲೇ ಇದ್ದರು. ಒಂದು ಬೆಳಿಗ್ಗೆ ತಾವೇ ಬಂದು ಪರಾತದಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಒತ್ತಿ, "ಎಸರಿಟ್ಟಿಲ್ಲೇನೋ? ಕುದಿಯೂ ನೀರ ಹಾಕಲಾರದ ಜ್ವಾಳದ ಹಿಟ್ಟ ಹೆಂಗ ಕೂಡ್ತೈತಿ?" ಎಂದು ಗದರಿದರು. ಎಸರು ಹಾಕುವುದು, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ನಾದುವುದು ಅವರಿಂದ ಕಲಿತೆ. ಬೊಬ್ಬೆ ಎದ್ದವು, ಒಡೆದವು. ಬಡಿಯುವುದನ್ನು ಮಾತ್ರ ಅವರು ಎಷ್ಟು ತೋರಿಸಿದರೂ ನನ್ನ ಕೈಗೆ ಹತ್ತಲಿಲ್ಲ. ಕೊನೆಗೊಂದು ದಿನ ಕಣ್ಣು ಮುಚ್ಚಿ ನಿನ್ನನ್ನು ನೆನೆಸಿಕೊಂಡೆ. ನಿನ್ನ ಕೈಯ ಸಪ್ಪಳ ನೆನಪಾಯಿತು. ಮೊದಲು ನಿಧಾನ, ಆಮೇಲೆ ರೊಟ್ಟಿ ತಿರುಗತೊಡಗಿದ ಮೇಲೆ ಜೋರು, ಕೊನೆಗೆ ಅಂಚಿಗೆ ಮೆಲ್ಲಗೆ. ಶಾಲೆಗೆ ಹೋಗುವ ಮುಂಚೆ ನಾನು ಆ ಸಪ್ಪಳ ಕೇಳುತ್ತ ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ. ಆ ಸಪ್ಪಳ ಬರುವ ಹಾಗೆ ಬಡಿದೆ. ರೊಟ್ಟಿ ತಿರುಗಿತು! ಹಂಚಿನ ಮೇಲೆ ಹಾಕಿದೆ, ನೀರು ಸವರಿದೆ, ತಿರುವಿದೆ. ಪುರಿಯಂತೆ ಉಬ್ಬಿ ನಿಂತಿತು. ನಾನು ಕೂಗಿದ ಕೂಗಿಗೆ ಸ್ನೇಹಾ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಓಡಿ ಬಂದಳು.

ಎಣ್ಣೆಗಾಯಿ ಕೂಡ ಹಾಗೆಯೇ. ಬದನೆಕಾಯಿ ಸೀಳಿ, ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ ಎಲ್ಲ ತುಂಬಿದರೂ ಏನೋ ಒಂದು ಕಡಿಮೆ. ತಿಂದವರು ಚೆನ್ನಾಗಿದೆ ಎನ್ನುತ್ತಿದ್ದರು, ನನ್ನ ನಾಲಿಗೆ ಒಪ್ಪುತ್ತಿರಲಿಲ್ಲ. ನೀನು ಒಣಕೊಬ್ಬರಿಯನ್ನು ಕೆಂಡದ ಮೇಲಿಟ್ಟು ಅಂಚು ಕಪ್ಪಾಗುವವರೆಗೆ ಸುಡುತ್ತಿದ್ದೆ, ನಾನು ಅದನ್ನು ಕದ್ದು ತಿಂದು ಬಾಯಿ ಸುಟ್ಟುಕೊಳ್ಳುತ್ತಿದ್ದೆ. ಅದು ನೆನಪಾದ ದಿನ ನಮ್ಮ ಮನೆಯಲ್ಲಿ ನಿನ್ನ ಎಣ್ಣೆಗಾಯಿ ಆಯಿತು.

ಇಷ್ಟೆಲ್ಲ ಕಲಿತರೂ ನಾನು ಅಡುಗೆ ಮಾಡುತ್ತಿದ್ದದ್ದು ಬಾಗಿಲು ಹಾಕಿಕೊಂಡು. ಬಡಿಯುವ ಸಪ್ಪಳ ಹೊರಗೆ ಹೋಗಬಾರದೆಂದು ರೇಡಿಯೊ ಜೋರಾಗಿ ಇಡುತ್ತಿದ್ದೆ. ಪಂಚಮಿಯ ದಿನ ಚಿಲಕ ಹಾಕುವುದು ಮರೆತಿದ್ದೆ, ನೀನು ಬಂದುಬಿಟ್ಟೆ. ಆಮೇಲೆ ಕಿಟಕಿಗೂ ಪರದೆ ಬಂತು. ಪ್ರೆಸ್ಸಿನಲ್ಲಿ ನನ್ನ ಜೋಡಿ ಮಷೀನ್ ನೋಡಿಕೊಳ್ಳುವ ಮಾಳಿಂಗರಾಯ ದಿನಾ ನನ್ನ ಡಬ್ಬಿಗೆ ಕೈ ಹಾಕಿ, "ತಂಗಿ ಕೈಯಾಗ ಏನೋ ಐತಿ ನೋಡಲೇ" ಎಂದು ಸ್ನೇಹಾಳನ್ನು ಹೊಗಳುತ್ತಿದ್ದ. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ.

ಸ್ನೇಹಾ ಹಾಗಲ್ಲ. ಡಿಪೋದಲ್ಲಿ ಡಬ್ಬಿ ತೆರೆದು ಎಲ್ಲರ ಎದುರು, "ನಮ್ಮನ್ಯಾಗ ಅವರs ಅಡಗಿ ಮಾಡ್ತಾರ" ಎಂದು ಹೇಳಿದ್ದಳು. ಯಾರೂ ನಂಬಲಿಲ್ಲ. ಯಾಸ್ಮೀನ ಮೇಡಂ ಅಂತೂ, "ಸುಳ್ಳ ಹೇಳಿದ್ರ ನಂಬೂಹಂಗರ ಹೇಳವಾ. ಅದ ಹುಡುಗ ಕಲ್ಲಿನಂಥ ರೊಟ್ಟಿ ಮಾಡಿದ್ದು ನಮಗ ಗೊತ್ತಿಲ್ಲೇನು? ಇಂಥಾದ್ದ ಅಂವ ಹೆಂಗ ಮಾಡ್ತಾನ? ನಾವs ಬಂದ ನೋಡ್ತೀವಿ" ಎಂದರು. ಹೋದ ಭಾನುವಾರ ರಜೆ ಹೊಂದಿಸಿಕೊಂಡು ಊಟಕ್ಕೆ ಬರುವುದೆಂದು ನಿಶ್ಚಯವಾಯಿತು.

ನನ್ನ ಯೋಚನೆ ಬೇರೆ ಇತ್ತು. ಅವರು ಬರುವುದರೊಳಗೆ ಎಲ್ಲ ಮುಗಿಸಿ, ಕೈ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು ಪೇಪರು ಹಿಡಿದು ಕುಳಿತುಬಿಡುವುದು. ಗೋಧಿ ಹುಗ್ಗಿ ಆಯಿತು, ಎಣ್ಣೆಗಾಯಿ ಆಯಿತು, ಹೆಸರುಕಾಳಿನ ಪಲ್ಯ ಆಯಿತು. ರೊಟ್ಟಿಗೆ ಎಸರಿಟ್ಟು, ಹಿಟ್ಟು ನಾದಿ, ಹಂಚು ಕಾಯಲು ಇಟ್ಟೆ. ಗ್ಯಾಸು ಪುಸ್ ಎಂದು ಆರಿತು. ಸಿಲಿಂಡರ್ ಅಲ್ಲಾಡಿಸಿದೆ, ಖಾಲಿ. ಒಂದು ರೊಟ್ಟಿಯೂ ಆಗಿಲ್ಲ. ಅಜ್ಜಿಯ ಗ್ಯಾಸಿನ ಮೇಲೆ ಅವರ ಮನೆಯ ಅಡುಗೆ ಏರಿತ್ತು. ಉಳಿದದ್ದು ಮುಂದಿನ ಅಂಗಳದಲ್ಲಿ ಅವರು ಸ್ನಾನದ ನೀರು ಕಾಯಿಸುವ ಕಟ್ಟಿಗೆಯ ಒಲೆ ಒಂದೇ.

ಆ ಅಂಗಳಕ್ಕೆ ಗೋಡೆಯಿಲ್ಲ, ಓಣಿಗೆ ಪೂರಾ ತೆರೆದದ್ದು. ಅಂದೇ ನಳಕ್ಕೆ ನೀರು ಬಂದಿತ್ತು. ಓಣಿಯ ಹೆಣ್ಣುಮಕ್ಕಳು, ಗಂಡಸರು, ಎಲ್ಲರೂ ಕೊಡ ಹಿಡಿದು ಹೊರಗೇ ಇದ್ದರು. ಗುಲಾಬಬಿ ಅಜ್ಜಿ ನನ್ನ ಮುಖ ನೋಡಿ, "ತಾ ಇಲ್ಲಿ ಹಿಟ್ಟು. ನಾ ಬಡೀತೇನಿ, ನೀ ಒಳಗ ಕುಂಡ್ರು. ಮಂದಿ ನೋಡ್ತಾರ" ಎಂದರು. ಸ್ನೇಹಾ ಬಾಗಿಲಿಗೆ ಆತು ನಿಂತು ನನ್ನನ್ನೇ ನೋಡುತ್ತಿದ್ದಳು.

ಆ ಹೊತ್ತಿಗೆ ನನಗೆ ಪಂಚಮಿಯ ದಿನದ ನಿನ್ನ ಮುಖ ಕಣ್ಣ ಮುಂದೆ ಬಂತು, ಅವ್ವಾ. ನಿನಗೆ ಅಷ್ಟು ನೋವಾದದ್ದೇಕೆ ಎಂದು ಯೋಚಿಸಿದೆ. ಮಗ ಕೀಳು ಕೆಲಸಕ್ಕೆ ಇಳಿದ ಎಂದು ತಾನೆ? ಆದರೆ ಅದು ನೀನು ತಿಳಿವಳಿಕೆ ಬಂದಾಗಿನಿಂದ ಮಾಡಿದ ಕೆಲಸ. ಅದರಿಂದಲೇ ನಾನು ಬೆಳೆದದ್ದು. ನಾನು ಒಳಗೆ ಹೋಗಿ ಅಡಗಿ ಕುಳಿತರೆ, ನನ್ನ ಅವ್ವ ಇಷ್ಟು ವರ್ಷ ಮಾಡಿದ್ದು ನಾಚಿಕೊಳ್ಳುವಂಥ ಕೆಲಸ ಎಂದು ಓಣಿಯ ಮುಂದೆ ನಾನೇ ಸಾರಿದಂತೆ. ಪರಾತ ಎತ್ತಿಕೊಂಡು ಅಂಗಳಕ್ಕೆ ಇಳಿದೆ. "ಅಜ್ಜಿ, ಕಟ್ಟಿಗಿ ಅಷ್ಟ ಒಟ್ಟಿ ಕೊಡ್ರಿ, ಬಡಿಯೂದು ನಾನs" ಎಂದೆ.

ಮೊದಲ ರೊಟ್ಟಿಗೆ ನಳದ ಹತ್ತಿರ ಮಾತು ನಿಂತಿತು. ಎರಡನೆಯದಕ್ಕೆ ನಗು ಕೇಳಿಸಿತು. ಕೊಡ ಹೊತ್ತು ಹೋಗುತ್ತಿದ್ದ ಒಬ್ಬ ಹಿರಿಯರು ನಿಂತು, "ಏನೋ ವೀರು, ಹೆಂಡ್ತೀದು ನೌಕರಿ, ನಿಂದು ರೊಟ್ಟಿ ಏನು?" ಎಂದರು. ನನ್ನ ಕಿವಿ ಬಿಸಿಯಾಯಿತು. ಆದರೂ ಕೈ ನಿಲ್ಲಿಸಲಿಲ್ಲ. "ಹೌದ್ರಿ ಕಾಕಾ. ಬಿಸೀದ ಐತಿ, ಒಂದ ತಿಂತೀರೇನ್ರಿ?" ಎಂದೆ. ಹಂಚಿನ ಮೇಲಿದ್ದದ್ದು ಅದೇ ಹೊತ್ತಿಗೆ ಗುಮ್ಮನೆ ಉಬ್ಬಿತು. ಅವರು ಕೊಡ ಇಳಿಸಿದರು. ಶೇಂಗಾ ಚಟ್ನಿ ಹಚ್ಚಿ ಕೈಗೆ ಕೊಟ್ಟೆ. ನಿಂತಲ್ಲೇ ತಿಂದು, "ನಮ್ಮನೀಗಿಂತ ತೆಳ್ಳಗ ಐತಲ್ಲೋ" ಎಂದು ಹೇಳಿ, ಹೆಂಡತಿ ಕೇಳಿಸಿಕೊಂಡಳೇನೋ ಎಂದು ಹಿಂದೆ ತಿರುಗಿ ನೋಡಿದರು. ನಳದ ಹತ್ತಿರ ಎಲ್ಲರೂ ಘೊಳ್ಳೆಂದು ನಕ್ಕರು. ಆ ನಗು ನನ್ನ ಮೇಲಿನದಾಗಿರಲಿಲ್ಲ.

ಅಷ್ಟರಲ್ಲಿ ಯಾಸ್ಮೀನ ಮೇಡಂ ಮತ್ತು ಅವರ ಜೋಡಿಯವರು ಆಟೊದಿಂದ ಇಳಿದರು. ಅಂಗಳದ ತುದಿಯಲ್ಲೇ ನಿಂತು, "ಯವ್ವಾ, ಸ್ನೇಹಾ ಖರೇನs ಹೇಳ್ಯಾಳಲ್ಲ!" ಎಂದರು. ಒಳಗೆ ಬನ್ನಿ ಎಂದರೆ ಯಾರೂ ಬರಲಿಲ್ಲ. ಒಲೆಯ ಸುತ್ತಲೇ ಚಾಪೆ ಹಾಸಿಕೊಂಡು ಕುಳಿತರು. ಸ್ನೇಹಾ ಬಡಿಸಿದಳು, ನಾನು ಹಂಚಿನಿಂದ ಒಂದೊಂದಾಗಿ ತಟ್ಟೆಗೆ ಹಾಕಿದೆ. ಆ ದಿನವೇ ಮಾಳಿಂಗರಾಯನಿಗೂ ಈ ಓಣಿಯಲ್ಲಿ ಕೆಲಸ ಬೀಳಬೇಕೇ? ಸೈಕಲ್ ನಿಲ್ಲಿಸಿ ಬಾಯಿ ತೆರೆದು ನಿಂತ. "ಅಲ್ಲಲೇ ವೀರು, ಇಷ್ಟ ದಿನಾ ನಾ ಹೊಗಳಿದ್ದು ನಿನ್ನ ಕೈನs ಏನಲೇ?" ಎಂದ. "ಹೌದೋ ಮಾರಾಯಾ, ಕುಂಡ್ರು" ಎಂದೆ. ಕುಳಿತವನು ಹುಗ್ಗಿ ಮುಗಿಯುವವರೆಗೆ ಏಳಲಿಲ್ಲ.

ಉಂಡು ಎದ್ದಮೇಲೆ ಯಾಸ್ಮೀನ ಮೇಡಂ, "ಯಾರ ಕಲಿಸಿದ್ರಪಾ ನಿನಗ ಇದನ್ನೆಲ್ಲಾ?" ಎಂದು ಕೇಳಿದರು. ನಾನು ಅಜ್ಜಿಯ ಕಡೆ ಕೈ ಮಾಡಿದೆ. ಅಜ್ಜಿ ತಲೆ ಅಲ್ಲಾಡಿಸಿ, "ಎಸರಿಡೂದ ಅಷ್ಟ ನಾ ಕಲಿಸೇನಿ. ಎಣ್ಣಿಗಾಯಿ ನಮ್ಮ ಮನೀದಲ್ಲ" ಎಂದರು. ಆಗ ನಾನು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ, "ಇದು ನಮ್ಮವ್ವನ ಕೈರಿ. ಮಾಗಡಿ ಸುಮಿತ್ರವ್ವಂದು. ಅಕಿ ಕಲಿಸಾಕ ಕುಂಡ್ರಲಿಲ್ಲ, ನಾ ನೋಡಿ ಕಲ್ತೇನಿ" ಎಂದು. ಹೀಗೆ ನಿನ್ನ ಹೆಸರು ಈಗ ಬೆಟಗೇರಿಯ ಓಣಿಯಲ್ಲಿ, ಗದಗ ಡಿಪೋದಲ್ಲಿ, ನಮ್ಮ ಪ್ರೆಸ್ಸಿನಲ್ಲಿ ಎಲ್ಲ ಕಡೆ ಇದೆ. ಪ್ರೆಸ್ಸಿನವರು ಮೊದಲೆರಡು ದಿನ ನನ್ನನ್ನು 'ಅಡಗಿ ಭಟ್ಟರು' ಎಂದು ಕರೆದು ನಕ್ಕರು. ಈಗ ನಾನು ಡಬ್ಬಿ ತೆರೆಯುವವರೆಗೆ ತಮ್ಮ ಡಬ್ಬಿ ತೆರೆಯುವುದಿಲ್ಲ. ನಾನೂ ಬಾಗಿಲು ತೆರೆದಿಟ್ಟೇ ಬಡಿಯುತ್ತೇನೆ. ರೇಡಿಯೊ ಹಚ್ಚುವುದಿಲ್ಲ.

ಸಂಕ್ರಾಂತಿಗೆ ನೀನು ಬರಬೇಕು. ನಿನ್ನನ್ನು ಒಪ್ಪಿಸುವುದಕ್ಕಲ್ಲ. ಒಂದು ಮಾತು ನನ್ನ ತಲೆಯಲ್ಲಿ ಕುಳಿತಿದೆ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ನಿನ್ನ ತಟ್ಟೆಗೆ ಯಾರಾದರೂ ಬಿಸಿಯಾಗಿ ಹಾಕಿದ್ದಾರೆಯೇ, ಅವ್ವಾ? ನಾನು ಎಷ್ಟು ನೆನಪು ಮಾಡಿಕೊಂಡರೂ, ಎಲ್ಲರದೂ ಮುಗಿದ ಮೇಲೆ ನೀನು ಆರಿದ ರೊಟ್ಟಿ ಮುರಿಯುತ್ತ ಒಬ್ಬಳೇ ಕುಳಿತದ್ದೇ ಕಾಣುತ್ತದೆ. ನೀನು ಬಂದು ಗೋಡೆಗೆ ಒರಗಿ ಕುಳಿತುಕೋ. ಸ್ನೇಹಾ ನಿನ್ನ ಪಕ್ಕದಲ್ಲಿ ಕೂಡಲಿ. ನಾನು ಬಡಿದು ಹಾಕುತ್ತೇನೆ. ದಪ್ಪವಾದರೆ ಬೈಯಿ, ಹರಿದರೆ ಬೈಯಿ. ಆದರೆ ಉಂಡು ಬೈಯಬೇಕು.

ಹಂಚು ಕಾಯಿಸಿಕೊಂಡು ನಿನ್ನ ದಾರಿ ನೋಡುತ್ತಿರುವ,
ನಿನ್ನ ಮಗ
ವೀರು

ತಾ.ಕ.: ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ದೀಪಾವಳಿಗೆ ಮುಂಚೆ ನಿನಗೆ ಜ್ವರ ಬಂದಾಗ ಅಪ್ಪ ದಿನಾ ತಂದುಕೊಟ್ಟ ಜೋಳದ ನುಚ್ಚು, ಹೆಸರುಬೇಳೆ ಕಟ್ಟು ನೆನಪಿದೆಯೇ? ಮೇಲಿನ ಓಣಿಯ ಅಲ್ಮಾಸಬಿ ಕಾಕಿ ಕಳಿಸಿದ್ದು ಎಂದು ನಿನಗೆ ಹೇಳಿದನಂತೆ. ಕಾಕಿಗೆ ಅದರ ಖಬರೇ ಇಲ್ಲ. ಅಪ್ಪ ಗದಗ ಸಂತೆಗೆ ಉಳ್ಳಾಗಡ್ಡಿ ತಂದಾಗಲೆಲ್ಲ ನಮ್ಮ ಮನೆಗೇ ಊಟಕ್ಕೆ ಬರುತ್ತಾನೆ. ಒಲೆಯ ಪಕ್ಕ ಕುಳಿತು ಒಂದೊಂದೇ ಕೇಳಿ ಕಲಿತಿದ್ದಾನೆ. ನೀನು ಮಲಗಿದ್ದಾಗ ಹಿತ್ತಲಿನ ಒಲೆಯ ಮೇಲೆ ತಾನೇ ಬೇಯಿಸಿದ್ದಾನೆ. ನಿನ್ನ ಜ್ವರ ಬಿಟ್ಟ ಮೇಲೆಯೇ ನನಗೂ ಇದು ತಿಳಿದದ್ದು. ನಿನಗೆ ಫೋನಿನಲ್ಲಿ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ, ಕಾಗದದ ಮಾತು ಬಂದಿರಲಿಲ್ಲ. ಅವನಿಗೆ ಬೈಯಬೇಡ. "ಉಪ್ಪು ಜರಾ ಹೆಚ್ಚಾಗಿತ್ತು, ಆದ್ರೂ ನಿಮ್ಮವ್ವ ಇನ್ನೊಂದೀಟ ಹಾಕು ಅಂದ್ಳು" ಎಂದು ಹೇಳುವಾಗ ಅಪ್ಪನ ಮುಖವನ್ನು ನೀನು ನೋಡಬೇಕಿತ್ತು.